ಕ್ಲೋಸಪ್ಪಿನಲ್ಲಿ ವಿಲ್ಫ್

ಮಾರ್ಚ್ 5, 1973. ಸೋಮವಾರ

ಬೆಳಿಗ್ಗೆಯಿಂದ ಬಾಯಲ್ಲಿ ಐಸ್ ತುಂಡು. ಉಗುಳು, ಡೈಲಾಗ್ ಹೇಳು, ಮತ್ತೊಂದು ತುಂಡು ಹಾಕಿಕೋ. ಕಥೆಯಲ್ಲಿ ಆಗಸ್ಟ್ ತಿಂಗಳ ಬೇಸಿಗೆಯಂತೆ, ಬಾಯಿಂದ ಹಬೆ ಬಂದರೆ ಜನ ನಂಬುವುದಿಲ್ಲವಂತೆ. ತೆಳು ಹತ್ತಿ ಫ್ರಾಕು, ಸಮುದ್ರದ ಗಾಳಿ, ಮೈಯೆಲ್ಲ ಮುಳ್ಳು. ಮೇಕಪ್ಪಿನವಳು ಮುಳ್ಳಿನ ಮೇಲೂ ಪೌಡರ್ ಹೊಡೆದು ಹೋದಳು.

ಆರು ವರ್ಷ ಟಿವಿಯಲ್ಲಿ ಒಂದೇ ಕರಿದ ಮೀನಿನ ಅಂಗಡಿಯೊಳಗೆ ನಿಂತು ದೇಶವನ್ನು ನಗಿಸಿದೆವು. ಸಿನಿಮಾ ಮಾಡೋಣ ಅಂದ ತಕ್ಷಣ ಆ ಅಂಗಡಿಯ ಗಂಡಹೆಂಡತಿಯನ್ನು ಬೀಚಿಗೆ ಅಟ್ಟಿದ್ದಾರೆ. ಮೇಬೆಲ್ ಮತ್ತು ಪರ್ಸಿ, ಅಂದರೆ ನಾನು ಮತ್ತು ವಿಲ್ಫ್, ರಜೆಗೆ ಬಂದು ಫಜೀತಿ ಪಡಬೇಕು. ಪಡುತ್ತಿದ್ದೇವೆ.

ವಿಲ್ಫ್ ಎರಡು ಕಡೆ ಮಾತು ಮರೆತ. ಚಳಿಗೆ ಇರಬೇಕು.

ಮಾರ್ಚ್ 6

ಇಲ್ಲಿ ಯಾರೂ ನಗುವುದಿಲ್ಲ. ನಕ್ಕರೆ ಸೌಂಡಿನವನು ಕಣ್ಣು ಕೆಕ್ಕರಿಸುತ್ತಾನೆ. ಟಿವಿ ಸ್ಟುಡಿಯೋದಲ್ಲಾದರೆ ಎದುರಿಗೆ ಮುನ್ನೂರು ಜನ ಕೂತಿರುತ್ತಿದ್ದರು. ಜೋಕು ಹೇಳಿ, ಅವರ ನಗು ಇಳಿಯುವ ತನಕ ಕಾದು, ಆಮೇಲೆ ಮುಂದಿನ ಮಾತು. ಆ ಅಭ್ಯಾಸ ರಕ್ತದಲ್ಲಿ ಇಳಿದುಬಿಟ್ಟಿದೆ. ವಿಲ್ಫ್ ಇಲ್ಲೂ ಕಾಯುತ್ತಾನೆ. ಕಡಲಹಕ್ಕಿ ಕಿರುಚುತ್ತದೆ, ಅಷ್ಟೇ.

ನಿರ್ದೇಶಕ ಗೈಲ್ಸ್ ಸಿನಿಮಾದವನು. ಚಿಕ್ಕ ವಯಸ್ಸು, ಮಾತು ಮೆದು.

"ವಿಲ್ಫ್ ಸರ್, ಯಾಕೆ ನಿಂತ್‌ಬಿಟ್ರಿ?"

"ಜನ ನಗ್ತಾ ಇದಾರಲ್ಲಪ್ಪ."

"ಯಾವ ಜನ ಸರ್?"

ವಿಲ್ಫ್ ಸುತ್ತ ನೋಡಿದ. ಮರಳು, ಕ್ಯಾಮೆರಾ, ಕಂಬಳಿ ಹೊದ್ದ ಲೈಟಿನವರು. ಎಲ್ಲರೂ ತಮಾಷೆ ಅಂದುಕೊಂಡರು. ನಾನೂ ಅಂದುಕೊಂಡೆ... ಇಲ್ಲ, ಅಂದುಕೊಳ್ಳಲು ನೋಡಿದೆ.

ಮಾರ್ಚ್ 9, ಶುಕ್ರವಾರ

ಇದನ್ನು ಎಲ್ಲಾದರೂ ಬರೆದಿಡಬೇಕು, ಯಾರಿಗೂ ಹೇಳುವ ಹಾಗಿಲ್ಲ.

"ಹೇಳಿ ಸಾಯಿ, ಪರ್ಸಿ!" — ಬಸ್ ಸ್ಟಾಪಿನಲ್ಲಿ, ಕಟುಕನ ಅಂಗಡಿಯಲ್ಲಿ, ಎಲ್ಲಿ ಹೋದರೂ ನನ್ನ ಕಿವಿಗೆ ಮೇಬೆಲ್‌ಳ ಇದೇ ಮಾತು. ಯಾರೋ ತಲೆ ಓಡಿಸಿ ಬರೆದದ್ದು ಅಂತ ಜನ ತಿಳಿದಿದ್ದಾರೆ. ಯಾರೂ ಬರೆದದ್ದಲ್ಲ. ಎರಡು ವರ್ಷದ ಹಿಂದೆ ರೆಕಾರ್ಡಿಂಗ್ ನಡುವೆ ವಿಲ್ಫ್ ಗಪ್ಪನೆ ನಿಂತುಬಿಟ್ಟ. ಮಾತಿಲ್ಲ. ಕಣ್ಣಲ್ಲಿ ಏನೂ ಇಲ್ಲ. ಗಾಬರಿಗೆ ನನ್ನ ಬಾಯಿಂದ ಬಂತು, "ಹೇಳಿ ಸಾಯಿ, ಪರ್ಸಿ." ಜನ ಬಿದ್ದು ಬಿದ್ದು ನಕ್ಕರು. ಆ ನಗುವಿನ ಮರೆಯಲ್ಲಿ ಅವನ ಮಾತನ್ನು ಅವನ ಕಿವಿಗೆ ಹಾಕಿದೆ. ಮುಂದಿನ ವಾರದಿಂದ ಬರಹಗಾರರು ಅದನ್ನು ಪ್ರತಿ ಕಂತಿಗೂ ಸೇರಿಸಿದರು. ಪರ್ಸಿ ತಡವರಿಸುವುದು, ಮೇಬೆಲ್ ಗದರುವುದು. ಯಾವಾಗ ನಟನೆ, ಯಾವಾಗ ನಿಜ — ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಆಮೇಲಾಮೇಲೆ ನನಗೊಬ್ಬಳಿಗೇ.

ಇವತ್ತು ಅವನ ಮೊದಲ ಕ್ಲೋಸಪ್. ಕ್ಯಾಮೆರಾ ಅವನ ಮೂಗಿನ ಹತ್ತಿರ. ನಾನು ಕ್ಯಾಮೆರಾದ ಪಕ್ಕದಲ್ಲಿ, ಚಿತ್ರದಲ್ಲಿಲ್ಲ. ಅವನು ನಿಂತ. ನಾನು ಗದರಿದೆ.

"ಕಟ್. ಮೇಡಂ, ನಿಮ್ಮ ಮಾತು ಅವರ ಮಾತಿನ ಮೇಲೆ ಬೀಳಬಾರದು," ಅಂದ ಗೈಲ್ಸ್. "ಬಿದ್ರೆ ಆಮೇಲೆ ಕತ್ತರಿಸೋಕೆ ಬರಲ್ಲ."

ಮತ್ತೆ. ಮತ್ತೆ. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ವಿಲ್ಫ್ ನನ್ನನ್ನೇ ನೋಡುತ್ತಿದ್ದ, ನನ್ನ ಮಾತು ಯಾವಾಗ ಹೇಳಿಕೊಡುತ್ತೀ ಅನ್ನುವ ಹಾಗೆ.

ಮಾರ್ಚ್ 10

ಅವನ ತಂಗಿ ಕಾನಿಗೆ ಫೋನ್ ಮಾಡಿದೆ. ಹೆಂಡತಿ ತೀರಿಹೋದ ಮೇಲೆ ವಿಲ್ಫ್ ಅವಳ ಮನೆಯಲ್ಲೇ ಇದ್ದಾನೆ.

"ಗೊತ್ತು ಬೆರಿಲ್," ಅಂದಳು. "ಹೋದ ಕ್ರಿಸ್‌ಮಸ್ಸಿಂದ ಗೊತ್ತು. ಟೀ ಕೆಟಲ್‌ನ ತಗೊಂಡೋಗಿ ಬಟ್ಟೆ ಬೀರುಲಿ ಇಡ್ತಾನೆ."

"ಡಾಕ್ಟ್ರಿಗೆ ತೋರ್ಸಿದ್ಯಾ?"

"ತೋರ್ಸಿದ್ರೆ ಪಿಚ್ಚರಿಂದ ತೆಗೀತಾರಲ್ಲೇ. ತೆಗೆದ್ರೆ ಅವ್ನು ಮನೇಲಿ ಏನ್ ಮಾಡ್ತಾನೆ? ಗೋಡೆ ನೋಡ್ತಾನೆ. ಇದೊಂದು ಮುಗೀಲಿ ಕಣೆ. ದೊಡ್ಡ ಪರದೆ ಮೇಲೆ ಒಂದ್ಸಲ ಬರ್ಬೇಕು ಅಂತ ಹುಡುಗ ಆಗಿದ್ದಾಗಿಂದ ಆಸೆ ಅವ್ನಿಗೆ. ನೀನಿದೀಯಲ್ಲ."

ನೀನಿದೀಯಲ್ಲ. ಇದ್ದೇನೆ, ಕ್ಯಾಮೆರಾ ಪಕ್ಕ, ಬಾಯಿ ಮುಚ್ಚಿಕೊಂಡು.

ಮಾರ್ಚ್ 13, ಮಂಗಳವಾರ

ಕಳ್ಳಾಟ ಶುರು. ಅವನ ಮಾತುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಚಿಪ್ಸ್ ಕಟ್ಟಿದ ಕಾಗದಕ್ಕೆ, ಪಿಕ್ನಿಕ್ ಬುಟ್ಟಿಯ ಒಳಗೆ, ನನ್ನ ಟೋಪಿಯ ಹಿಂಬದಿಗೆ ಅಂಟಿಸಿದೆ. ಒಂದು ಗಂಟೆ ಚೆನ್ನಾಗಿಯೇ ನಡೆಯಿತು. ಗೈಲ್ಸ್ ಬೆನ್ನು ತಟ್ಟಿದ. ಆಮೇಲೆ ಗಾಳಿ ಎದ್ದು ಪರ್ಸಿಯ ಮಾತೆಲ್ಲ ಸಮುದ್ರದ ಪಾಲು. ವಿಲ್ಫ್ ಕಾಗದದ ಹಿಂದೆ ಪ್ಯಾಂಟು ಮೊಣಕಾಲಿಗೆ ಏರಿಸಿಕೊಂಡು ಓಡಿದ. ಯೂನಿಟ್ಟಿಗೆ ಯೂನಿಟ್ಟೇ ನಕ್ಕಿತು. ಅವನು ತಿರುಗಿ ಟೋಪಿ ತೆಗೆದು ಬಾಗಿದ. ಎಷ್ಟು ದಿನದ ಮೇಲೆ ಆ ಮುಖ ಅರಳಿದ್ದು!

ನಾನು ಕ್ಯಾರವಾನಿಗೆ ಬಂದು ಅತ್ತೆ. ಮೇಕಪ್ ಹಾಳಾಯಿತು ಅಂತ ಬೈಸಿಕೊಂಡೆ.

ಮಾರ್ಚ್ 16

ವಿಲ್ಫ್‌ನನ್ನು ಪರೀಕ್ಷಿಸಲು ಇನ್ಶೂರೆನ್ಸ್ ಕಂಪನಿಯ ಡಾಕ್ಟರು ಬರುತ್ತಾರಂತೆ. ಫಿಲ್ಮು ಬಹಳ ವ್ಯರ್ಥವಾಗುತ್ತಿದೆ, ನಾಯಕನಿಗೆ ಏನೋ ತೊಂದರೆ ಅಂತ ನಿರ್ಮಾಪಕರ ಕಿವಿಗೆ ಯಾರೋ ಊದಿದ್ದಾರೆ. ಪರ್ಸಿ ಪಾತ್ರಕ್ಕೆ ಬೇರೊಬ್ಬನನ್ನು ನೋಡಿಟ್ಟಿದ್ದಾರೆ ಅಂತಲೂ ಸುದ್ದಿ. ಇದುವರೆಗೆ ತೆಗೆದದ್ದೆಲ್ಲ ಬಿಸಾಕಿ, ಅವನನ್ನು ಹಾಕಿ ಮೊದಲಿಂದ ತೆಗೆಯುತ್ತಾರಂತೆ.

ಸಿಕ್ಕಿಬಿದ್ದರೆ ವಿಲ್ಫ್ ಮುಗಿದ. ಸಿಕ್ಕಿಬೀಳದಿದ್ದರೆ... ಅವನಿಗೆ ಔಷಧಿ ಕೊಡುವವರು ಯಾರು? ಯಾವುದನ್ನು ಬೇಡಿಕೊಳ್ಳಲಿ ಅಂತ ತಿಳಿಯದೆ ಸುಮ್ಮನೆ ಬೇಡಿಕೊಂಡೆ.

ಮಾರ್ಚ್ 19, ಸೋಮವಾರ

ಡಾಕ್ಟರ್ ಬಂದರು. ಗುಂಡುಗುಂಡಾದ ಮನುಷ್ಯ. ವಿಲ್ಫ್ ನಾನಿಲ್ಲದೆ ಕೂರುವುದಿಲ್ಲ ಅಂದಿದ್ದಕ್ಕೆ ನನ್ನನ್ನೂ ಒಳಗೆ ಬಿಟ್ಟರು. ನಾಡಿ, ಎದೆ, ಬಿಪಿ. ಆಮೇಲೆ ಪ್ರಶ್ನೆ.

"ಇವತ್ತು ಯಾವ ವಾರ ಹೇಳಿ ನೋಡೋಣ?"

ವಿಲ್ಫ್ ನನ್ನ ಕಡೆ ನೋಡಿದ. ನಾನು ಕಿಟಕಿ ಕಡೆ ನೋಡಿದೆ.

"ನಿಮ್ಮಂಥವ್ರು ಕೆಲಸಕ್ಕೆ ಬಂದಿದೀರಿ ಅಂದ್ರೆ ಭಾನುವಾರ ಅಂತೂ ಅಲ್ಲ," ಅಂದ.

ಡಾಕ್ಟರ್ ಕಿಸಕ್ಕನೆ ನಕ್ಕರು. "ಸರಿ, ಪ್ರಧಾನಿ ಯಾರು?"

"ನೀವು ಓಟು ಹಾಕಿದೋನೇ. ನನ್ನ ಯಾಕ್ರೀ ದೂರ್ತೀರಾ?"

"ನೂರರಿಂದ ಏಳೇಳು ಕಳೀತಾ ಬನ್ನಿ."

"ಅಂಗಡಿ ಲೆಕ್ಕ ಎಲ್ಲಾ ಇವ್ಳದು ಸ್ವಾಮಿ. ನಾನು ಮೀನು ಕರಿಯೋನು."

ಡಾಕ್ಟರ್ ಕಣ್ಣೊರೆಸಿಕೊಂಡರು. ಹೆಂಡತಿ ಇದನ್ನು ಕೇಳಿದರೆ ಸತ್ತೇ ಹೋಗುತ್ತಾಳೆ ಅಂದರು. ಒಂದು ಪ್ರಶ್ನೆಗೂ ಉತ್ತರ ಬಂದಿಲ್ಲ. ಒಂದಕ್ಕೂ. ಆರೋಗ್ಯ ಚೆನ್ನಾಗಿದೆ ಅಂತ ಕಾಗದಕ್ಕೆ ಸಹಿ ಹಾಕಿ, ಹೆಂಡತಿಗಾಗಿ ಪರ್ಸಿಯ ಸಹಿ ಹಾಕಿಸಿಕೊಂಡು ಹೋದರು. ವಿಲ್ಫ್ ಸ್ವಲ್ಪವೂ ತಡವರಿಸದೆ 'ಪರ್ಸಿ' ಅಂತಲೇ ಬರೆದುಕೊಟ್ಟ.

ಡಾಕ್ಟರ ಹಿಂದೆ ಓಡಿಹೋಗಿ ನಿಜ ಹೇಳಬೇಕಿತ್ತು. ಬಾಗಿಲ ತನಕ ಹೋದೆ. ಅಲ್ಲಿಂದಲೇ ವಾಪಸು ಬಂದೆ.

ಮಾರ್ಚ್ 23, ಶುಕ್ರವಾರ

ಕೊನೆಯ ದೃಶ್ಯ. ಸಮುದ್ರದೊಳಕ್ಕೆ ಚಾಚಿದ ಮರದ ಕಟ್ಟೆಯ ತುದಿ. ಪರ್ಸಿ ಮೇಬೆಲ್‌ಳನ್ನು ಎರಡನೇ ಸಲ ಮದುವೆಗೆ ಕೇಳಬೇಕು. ಪುಟದ ತುಂಬ ಮಾತು, ಪೂರ್ತಿ ಅವನ ಕ್ಲೋಸಪ್.

ಊಟದ ಹೊತ್ತಿಗೆ ಗೈಲ್ಸ್ ಬಂದು ನನ್ನ ಪಕ್ಕ ಕೂತ. ಹೆದರಿಕೊಂಡೇ ಕೂತ.

"ಮೇಡಂ, ತಪ್ಪು ತಿಳೀಬೇಡಿ. ನೀವಿದ್ರೆ ಅವ್ರು ನಿಮ್ಮನ್ನೇ ನೋಡ್ತಾರೆ. ಇದೊಂದು ಶಾಟಿಗೆ ನೀವು ಆಚೆ ಇರಿ. ನಿಮ್ಮ ಮಾತು ಸ್ಕ್ರಿಪ್ಟ್ ನೋಡ್ಕೊಳ್ಳೋ ಕಂಟಿನ್ಯೂಟಿ ಹುಡುಗಿ ಓದ್ತಾಳೆ."

"ಆಗಲ್ಲ ಗೈಲ್ಸ್. ಅವನಿಗೆ ನಾನು ಬೇಕು."

"ಆರು ವರ್ಷದಿಂದ ಮಾಡ್ತಿರೋ ಪಾತ್ರ ಮೇಡಂ. ನಿದ್ದೇಲೂ ಮಾಡ್ತಾರೆ."

ಹೇಳಿಬಿಡು ಅಂತು ಮನಸ್ಸು. ಹೇಳಿದರೆ ಇಷ್ಟು ದಿನದ ಪಾಡು ಒಂದೇ ಮಾತಿಗೆ ಮಣ್ಣು. ಎದ್ದು ಬಂದೆ. ಕಟ್ಟೆಯ ಟಿಕೆಟ್ ಕೌಂಟರ್ ಹಿಂದೆ ಕೋಟು ಹೊದ್ದು ಕೂತೆ. 'ಆ್ಯಕ್ಷನ್' ಕೇಳಿತು. ಹುಡುಗಿಯ ದನಿ ಕೇಳಿತು, ದಿನಸಿ ಚೀಟಿ ಓದುವಂತೆ. ಆಮೇಲೆ ಏನೂ ಕೇಳಲಿಲ್ಲ. ಕಟ್ಟೆಯ ಕೆಳಗೆ ನೀರು ಬಡಿಯುತ್ತಿತ್ತು. ಕಟ್ ಅನ್ನು, ಕಟ್ ಅನ್ನು, ದರಿದ್ರದವನೇ, ಕಟ್ ಅನ್ನು... ಅನ್ನಲಿಲ್ಲ. ಫಿಲ್ಮು ಮುಗಿಯುವ ತನಕ ಓಡಿಸಿದ.

ಕೊನೆಗೆ ಚಪ್ಪಾಳೆ.

ಗೈಲ್ಸ್ ಓಡಿಬಂದ. ಕಣ್ಣು ಹೊಳೆಯುತ್ತಿತ್ತು. "ಮೇಡಂ, ಒಂದು ಮಾತೂ ಆಡ್ಲಿಲ್ಲ ಅವ್ರು. ಬರೀ ಹುಡುಕಿದ್ರು. ಆಚೆ ಈಚೆ, ಹೆಂಡ್ತಿ ಎಲ್ಲಿ ಅಂತ. ಇಂಥ ಮುಖ ನಾನು ಜನ್ಮದಲ್ಲೇ ನೋಡಿಲ್ಲ. ಮಾತೇ ಬೇಡ, ಇದನ್ನೇ ಇಡ್ತೀನಿ."

ಒಳ್ಳೆಯ ಹುಡುಗ. ಏನೂ ಗೊತ್ತಿಲ್ಲದ ಹುಡುಗ. ಕಪಾಳಕ್ಕೆ ಬಿಡಬೇಕು ಅನ್ನಿಸಿತು, ಬಿಡಲಿಲ್ಲ.

ವಿಲ್ಫ್ ಅಲ್ಲೇ ನಿಂತಿದ್ದ, ಕೈ ಮಂಜುಗಡ್ಡೆ. "ಎಲ್ಲಿ ಹೋಗಿದ್ಯೇ?" ಅಂದ. ಕೋಪ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಏಪ್ರಿಲ್ 2

ಶೂಟಿಂಗ್ ಮುಗಿದು ವಾರವಾಯಿತು. ಬರೆಯಲು ಮನಸ್ಸಿಲ್ಲ. ಕಾನಿ ಫೋನ್ ಮಾಡಿದ್ದಳು. ಅವನು ಬೆಳಿಗ್ಗೆ ಎದ್ದು ಸೂಟು ಹಾಕಿ ಗೇಟಿನ ಹತ್ತಿರ ಕಾರಿಗೆ ಕಾಯುತ್ತಾನಂತೆ. ಇನ್ನೂ ಬಂದಿಲ್ಲ ಅಂತ ಸಂಜೆ ಒಳಗೆ ಬರುತ್ತಾನಂತೆ. ಈಗ ಡಾಕ್ಟರಿಗೆ ತೋರಿಸಿದ್ದಾಳೆ. ಮಾಡುವಂಥದ್ದು ಏನೂ ಇಲ್ಲವಂತೆ, ಮೊದಲೇ ಬಂದಿದ್ದರೂ ಇರಲಿಲ್ಲವಂತೆ. ಇದು ನನ್ನ ಸಮಾಧಾನಕ್ಕೆ ಹೇಳಿದ್ದೋ ಏನೋ.

ಜುಲೈ 19, ಗುರುವಾರ. ಮನೆಗೆ ಬಂದ ತಕ್ಷಣ

ಇವತ್ತು ಮಧ್ಯಾಹ್ನ ಲೀಡ್ಸಿನ ಥಿಯೇಟರಿನಲ್ಲಿ ಸಿನಿಮಾ ತೋರಿಸಿದರು. ಬಿಡುಗಡೆಗೆ ಮೊದಲು ಸಾಧಾರಣ ಜನರನ್ನು ಕರೆದು ಪರೀಕ್ಷೆ. ಹಾಲ್ ಭರ್ತಿ. ಕಾನಿ ಒಂದು ಕಡೆ, ನಾನು ಒಂದು ಕಡೆ, ನಡುವೆ ವಿಲ್ಫ್. ಹಾಲಿನ ಲೈಟು ಆರಿದ ಮೇಲೆ ಸದ್ದಿಲ್ಲದೆ ಬಂದು ಕೂತೆವು. ಕಾನಿಯ ಹೆಸರು ಅವನಿಗೆ ಬರುತ್ತಿರಲಿಲ್ಲ. ನನ್ನನ್ನು ಮೇಬೆಲ್ ಅಂದ.

ಜನ ನಕ್ಕರು. ಒಳ್ಳೆಯ ನಗು. ವಿಲ್ಫ್ ಪರದೆ ನೋಡಲೇ ಇಲ್ಲ, ತಲೆ ವಾಲಿಸಿ ನಗುವನ್ನು ಕೇಳುತ್ತಿದ್ದ.

ಕೊನೆಗೆ ಕಟ್ಟೆಯ ದೃಶ್ಯ. ಅವನ ಮುಖ, ಮನೆಯಷ್ಟು ದೊಡ್ಡದು. ಕಣ್ಣು ಆಚೆ ಹೋಯಿತು, ಈಚೆ ಬಂತು, ನನ್ನನ್ನು ಹುಡುಕುತ್ತ. ಹೆದರಿದ ಕಣ್ಣು. ಮೊದಲು ಒಬ್ಬ ನಕ್ಕ. ಆಮೇಲೆ ಸಾಲಿಗೆ ಸಾಲು, ಆಮೇಲೆ ಹಾಲ್ ಪೂರ್ತಿ. ಇಡೀ ಸಿನಿಮಾದಲ್ಲಿ ಅಷ್ಟು ಜೋರಾಗಿ ನಕ್ಕದ್ದು ಅಲ್ಲೇ. ಮುಂದಿನ ಸಾಲಿನ ಹೆಂಗಸು ಹೊಟ್ಟೆ ಹಿಡಿದುಕೊಂಡಿದ್ದಳು. ಹಿಂದಿನಿಂದ ನಿರ್ಮಾಪಕರು ನನ್ನ ಭುಜ ಒತ್ತಿ ಅಂದರು, "ಇನ್ನೊಂದು ಪಿಚ್ಚರ್ ಗ್ಯಾರಂಟಿ."

ವಿಲ್ಫ್ ಟೈ ಸರಿಮಾಡಿಕೊಂಡ. "ಜನ ಬಂದವ್ರೆ," ಅಂದ. ಎದ್ದುನಿಂತ. ಕೈ ಹಿಡಿದು ಜಗ್ಗಿದೆ, ಕೂರಲಿಲ್ಲ. ಕಾನಿ ಮುಖ ಮುಚ್ಚಿಕೊಂಡಳು. ಕೂತ್ಕೊಳ್ರೀ ಅಂತ ಹಿಂದಿನವರು ಕೂಗಿದರು. ಅಷ್ಟರಲ್ಲಿ ಯಾರಿಗೋ ಗುರುತು ಸಿಕ್ಕಿತು. ಪರ್ಸಿ, ಪರ್ಸಿ ಅಂತ ಹಾಲಿಗೆ ಹಾಲೇ ಎದ್ದು ಚಪ್ಪಾಳೆ ಹೊಡೆಯಿತು. ಬೇಕಂತಲೇ ಏರ್ಪಡಿಸಿದ ತಮಾಷೆ ಅಂದುಕೊಂಡರು. ಲೈಟು ಹಾಕಿದರು.

ವಿಲ್ಫ್ ಬಾಗಿದ. ನಾನೂ ಎದ್ದು ಅವನ ಪಕ್ಕ ನಿಂತೆ, ಇನ್ನೇನು ಮಾಡಲಿ? ಚಪ್ಪಾಳೆ ಇಳಿಯುವ ತನಕ ಕಾದ, ಸರಿಯಾಗಿ, ಒಂದು ಕ್ಷಣ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಅವನು ನನ್ನ ಕಿವಿಗೆ ಬಾಗಿದ.

"ಈಗ ನಂದೇನೇ ಮಾತು?"

ನಾನು ಅವನ ಕೈ ಹಿಡಿದುಕೊಂಡು, ಹಾಲಿಗೆಲ್ಲ ಕೇಳುವಂತೆ ಗದರಿದೆ, "ಹೇಳಿ ಸಾಯಿ, ಪರ್ಸಿ!"