ಆರು ಮುಚ್ಚಳದ ಬ್ಯಾಟರಿ

ಮಾರ್ಚ್ ೩, ಬೆಳಿಗ್ಗೆ

ಕಾರು ಒರೆಸಿದ್ದಾಯಿತು. ಬ್ಯಾಟರಿಗೆ ಬಟ್ಟಿ ಇಳಿಸಿದ ನೀರು ಹಾಕುವುದು ಇಷ್ಟು ವರ್ಷವೂ ನನ್ನಾಕೆಯ ಕೆಲಸ. ಈಗ ಅವಳಿಗೆ ಸೊಂಟ ಹಿಡಿದಿದೆ. ಸೀಟಿನಡಿಯ ಹಲಗೆಯನ್ನು ನಾನೇ ಎತ್ತಿದೆ. ದಂಗಾದೆ. ಆರು ಮುಚ್ಚಳ, ಎಂದರೆ ಆರು ಕೋಶ! ಸೀಸದ ಕೋಶ ಒಂದಕ್ಕೆ ಎರಡು ವೋಲ್ಟ್ — ಈ ಪಾಠ ಹೇಳಿಯೇ ನಿವೃತ್ತನಾದವನು ನಾನು. ಆರು ಕೋಶಕ್ಕೆ ಹನ್ನೆರಡು. ನಾನು ಕೊಂಡ ಈ ಹಳೇ ಕಾಲದ ಕಾರಾದರೋ ಆರು ವೋಲ್ಟಿನದು. ಹಾರ್ನಿನ ಮೇಲೆ ಇಂದಿಗೂ ಹಾಗೆಂದೇ ಅಚ್ಚಾಗಿದೆ.

ಕಳೆದ ತಿಂಗಳು ಒಂದು ವಾರ ಕಾರನ್ನು ಒಯ್ದಿದ್ದವನು ಅಳಿಯ.

ಮಾರ್ಚ್ ೪

ಮೀಟರ್ ತಂದು ಅಳೆದೆ. ಹನ್ನೆರಡೂವರೆ. ಅಸಲಿ ಭಾಗಗಳನ್ನು ಕಳಚಿ ಮಾರಿಕೊಂಡಿದ್ದಾನೆ. "ಮಾವ, ಮಾವ" ಎಂಬ ಸಕ್ಕರೆ ಮಾತು ಇದಕ್ಕೇ! ಭಾನುವಾರ ಬರಲಿ. ಮಗಳ ಎದುರಿಗೇ ಕೇಳುತ್ತೇನೆ. ಆಮೇಲೆ ಅವನು ಈ ಹೊಸಿಲು ತುಳಿಯಕೂಡದು.

"ಮಗಳೂ ಬರೋದು ಬಿಡ್ತಾಳೆ, ಯೋಚ್ನೆ ಮಾಡಿ" ಎಂದಳು ಇವಳು.

ಬಿಡಲಿ.

ಮಾರ್ಚ್ ೮, ಭಾನುವಾರ, ಮಧ್ಯಾಹ್ನ

ಕೇಳಿದೆ. ನಕ್ಕುಬಿಟ್ಟ.

"ಮಾವ, ಆರರ ಕಾರಿಗೆ ಹನ್ನೆರಡು ಕೊಟ್ಟಿದ್ರೆ ಬಲ್ಬ್ ಉಳೀತಿತ್ತಾ? ನೀವೇ ಬಿಚ್ಚಿ ನೋಡಿ."

ಬಿಚ್ಚಿದೆ. ಹನ್ನೆರಡರ ಬಲ್ಬು. ಡೈನಮೋದ ತಗಡಿನ ಮೇಲೂ ಹನ್ನೆರಡು — ಕಲ್ಲಾಗಿದ್ದ ಜಿಡ್ಡನ್ನು ಕೆರೆದ ಮೇಲೆ ಕಂಡಿತು. ಒಂದು ತಿಂಗಳಲ್ಲಿ ಕೂರುವ ಜಿಡ್ಡಲ್ಲ ಅದು.

"ಅಪ್ಪಾ, ಇನ್ನೂ ಕಳ್ಳನ್ನ ಹುಡುಕ್ತೀರಾ?" ಎಂದಳು ಮಗಳು. ಕಣ್ಣು ತುಂಬಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಅಳಿಯ ಹೆಗಲು ಮುಟ್ಟಿಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಇವಳು ಮಾತ್ರ ಸೆರಗು ಸರಿಮಾಡಿಕೊಂಡಳು...

ಅದೇ ದಿನ, ಸಂಜೆ

ಅವರು ಹೊರಟೊಡನೆ ವಿಚಾರಣೆ. ಇವಳು ತಡಬಡಾಯಿಸಲೂ ಇಲ್ಲ.

"ಆರರಲ್ಲಿ ಚಳಿಗೆ ಸ್ಟಾರ್ಟೇ ಆಗ್ತಿರ್ಲಿಲ್ಲ. ಮೆಕ್ಯಾನಿಕ್ ಹತ್ರ ಎಲ್ಲಾ ಬದಲಾಯಿಸ್ದೆ. ಹಾರ್ನ್ ಮಾತ್ರ ಬೇಡ ಅಂದೆ — ನೀವು ದಿನಾ ಒರೆಸ್ತೀರಲ್ಲ, ಕಾಣತ್ತೆ ಅಂತ."

"ಓಡಿಸುತ್ತಿದ್ದವನು ನಾನು, ಅದೂ ಭಾನುವಾರ ಮಾತ್ರ. ಚಳಿಯಲ್ಲಿ ನಿನಗೇಕೆ ಸ್ಟಾರ್ಟ್ ಆಗಬೇಕಿತ್ತು?"

"ನೀವು ಸೈಕಲ್ ಹತ್ತಿ ಶಾಲೆಗೆ ಹೋದ್ಮೇಲೆ, ದಿನಾ ಒಂದು ಸುತ್ತು."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ."

ನಂಬಲಿಲ್ಲ. ಇವಳಿಗೆ ಗೇರು ಯಾವುದು, ಬ್ರೇಕು ಯಾವುದೆಂದೂ ತಿಳಿಯದು. ಹಾಗೆಂದೇ ಹೇಳಿದೆ. ಮೊಳೆಯಿಂದ ಕೀಲಿ ತೆಗೆದುಕೊಂಡು, ಸೊಂಟ ಹಿಡಿದುಕೊಂಡೇ ಹೊರನಡೆದಳು.

ಎಂಜಿನ್ ಒಂದೇ ಸಲಕ್ಕೆ ಹತ್ತಿತು. ನನಗೆ ಎಂದೂ ಹಾಗೆ ಹತ್ತಿದ್ದಿಲ್ಲ. ಆರರ ಹಾರ್ನು ಹನ್ನೆರಡಕ್ಕೆ ಚೀರುತ್ತಿದೆ — ಬೀದಿಗೆಲ್ಲ ಕೇಳುವಂತೆ. ಕಿಟಕಿಯಿಂದ ನೋಡಿದೆ. ಪಕ್ಕದ ಸೀಟಿನ ಬಾಗಿಲು ತೆರೆದಿಟ್ಟಿದ್ದಾಳೆ. ಮಗಳ ಮನೆಗೆ ಹೋಗುವ ದಿಕ್ಕಿಗೆ ಮುಖ ಮಾಡಿದೆ ಕಾರು.

ಅಳಿಯನ ಮುಂದೆ ಏನೆಂದು ಹೇಳುವುದು... ಮತ್ತೆ ಹಾರ್ನು. ಬಂದೆ, ಮಾರಾಯ್ತಿ! ಚಪ್ಪಲಿ ಎಲ್ಲಿ —