ಅಮ್ಮ ಕಲಿತ ಪಾರ್ಲರ್ ಭಾಷೆ

ಆಗಸ್ಟ್ ೧೪, ಮರಿಕಿನಾ.

ಅಮ್ಮನ ಕ್ಯಾನ್ಸರ್ ಗಡ್ಡೆ ಹಬ್ಬಿದೆ ಎಂದು ಡಾಕ್ಟರ್ ಹೇಳಿದ್ದನ್ನು ಅವಳಿಂದ ಮುಚ್ಚಿಟ್ಟಿದ್ದೆ. ಸಂಜೆ ತಡೆಯಲಾಗದೆ, ಅವಳೆದುರಿಗೇ ಪಾರ್ಲರಿನ ಗೆಳತಿ ಚೋಲಿಂಗ್‌ಗೆ ಫೋನ್ ಮಾಡಿದೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ನಾವು ಬಕ್ಲಾಗಳು ಪಾರ್ಲರಿನಲ್ಲಿ ಗಿರಾಕಿಗಳಿಗೆ ತಿಳಿಯದಂತೆ ಆಡುವ ಭಾಷೆಯಲ್ಲಿ ಹೇಳಿಕೊಂಡೆ: "ಅಮ್ಮ ಕ್ರಿಸ್‌ಮಸ್ ಕಾಣೋದು ಡೌಟು ಕಣೇ."

ಗಂಜಿ ಕಲಕುತ್ತಿದ್ದ ಅಮ್ಮ ತಿರುಗಿ ಅದೇ ಭಾಷೆಯಲ್ಲಿ, "ಅಳ್ಬೇಡ ಕಣೇ ಮಗಳೇ, ಕಾಡಿಗೆ ಹರಡುತ್ತೆ" ಅಂದಳು.

ನಮ್ಮವರು ನಡೆಸುವ ಮಧ್ಯಾಹ್ನದ ಟೀವಿ ಶೋ ನೋಡಿ ಕಲಿತಳಂತೆ, ನನ್ನ ಜೊತೆ ಹರಟೋಕೆ. ಹಾಳು ಟೀವಿ! ನಮ್ಮದು ಅಂತ ಇದ್ದದ್ದು ಆ ಭಾಷೆಯೊಂದೇ.

ಹುಟ್ಟಿದಾಗಿನಿಂದ ಮಗನೇ ಎಂದು ಕರೆದವಳು ಇವತ್ತು ಮೊದಲ ಸಲ ಮಗಳೇ ಅಂದಳು. ಕುಣಿದಾಡಬೇಕಿತ್ತು ನಾನು. ಆದರೆ ಮುಚ್ಚಿಟ್ಟ ಗುಟ್ಟೂ ಅವಳಿಗೆ ತಿಳಿದುಹೋಗಿತ್ತು. ಫೋನಿನ ಆ ಕಡೆಯಿಂದ ಚೋಲಿಂಗ್ ಕೇಳುತ್ತಲೇ ಇದ್ದಳು, "ಯಾರೇ ಅದು ಮಾತಾಡಿದ್ದು? ನಮ್ಮವಳೇ ಯಾರೋ ಇದ್ದಂಗಿದೆ?"