ಬ್ಯಾನರಿನ ಇನ್ನೊಂದು ತುದಿ

ಶುಕ್ರವಾರ, ೧೪ ಮಾರ್ಚ್

ಅಕ್ಕನ ಕೆನ್ನೆ ತುಂಬಿಕೊಂಡಿದೆ. ಸಂಜೆ ನೋಡಿದಾಗಿನಿಂದ ಅದೇ ಕಣ್ಣು ಕುಕ್ಕುತ್ತಿದೆ.

ಜೈಲಿಗೆ ಹಾಕಿದ ಪತ್ರಕರ್ತರನ್ನು ಬಿಡಿ ಎಂದು ಪ್ರತಿ ಶುಕ್ರವಾರ ಸಂಜೆ ವೃತ್ತದಲ್ಲಿ ಬ್ಯಾನರ್ ಹಿಡಿದು ನಿಲ್ಲುತ್ತಿದ್ದವರು ನಾವಿಬ್ಬರು. ಒಂದು ಕೋಲು ಅವಳದು, ಒಂದು ನನ್ನದು. ಚಳಿಗಾಲದಲ್ಲಿ ಒಂದು ದಿನ 'ಸಾಕಾಯ್ತು ಕಣೇ' ಎಂದು ಕೋಲು ಕೆಳಗಿಟ್ಟವಳು ಮತ್ತೆ ಬರಲಿಲ್ಲ. ಅಂದಿನಿಂದ ಅವಳ ತುದಿಯನ್ನು ದೀಪದ ಕಂಬಕ್ಕೆ ಕಟ್ಟಿ ನಿಲ್ಲುತ್ತಿದ್ದೇನೆ. ಇವತ್ತೂ ಓಡಾಡುವವರು ಕೇಳಿದ್ದು ಒಂದೇ: 'ನಿಮ್ಮಕ್ಕ ಬರ್ಲಿಲ್ವಾ?' ಕಾಲು ಬಾತುಕೊಳ್ಳುವುದು ನನಗೆ, ಜನ ನೆನೆಯುವುದು ಅವಳನ್ನು!

ವಾಪಸ್ ಬರುತ್ತಾ ಅವಳ ಮನೆಗೆ ಹೋದೆ. ಕಿಟಕಿ ಪಕ್ಕದ ಸೋಫಾದಲ್ಲಿ ಸಣ್ಣಗೆ ಗೊರಕೆ. ಈಗ ಸುದ್ದಿಯನ್ನೇ ನೋಡುವುದಿಲ್ಲವಂತೆ. ಆ ನಿದ್ದೆ ಕಂಡು ನನ್ನ ಹೊಟ್ಟೆ ಉರಿದುಹೋಯಿತು.

'ಅದು ಹೇಗೆ ನಿದ್ದೆ ಬರತ್ತೆ ನಿಂಗೆ?' ಎಂದು ಕೇಳಿಯೇಬಿಟ್ಟೆ.

ಕಣ್ಣೂ ಬಿಡದೆ ಹೇಳಿದಳು: 'ನೀನು ನಿಂತಿರ್ತೀಯಲ್ಲ. ನೀನೂ ಬಿಟ್ರೆ ಆಗ ನಾನು ಏಳ್ಲೇಬೇಕಾಗತ್ತೆ.'

ಎಂಥಾ ಚಾಲಾಕಿ! ನನಗೂ ಸಾಕಾಗಿದೆ. ಆದರೆ ನನ್ನ ಬದಲು ನಿಲ್ಲಲು ನನಗೊಬ್ಬಳು ತಂಗಿ ಇಲ್ಲವಲ್ಲ. ಬಿಟ್ಟುಬಿಡೋಣವೆಂದರೆ, ಜೈಲಿನೊಳಗಿರುವವರು ಸಾಕಾಯಿತೆಂದು ಎದ್ದುಬರಲು ಆಗುತ್ತದೆಯೇ?

ಬ್ಯಾನರ್ ಬಾಗಿಲ ಹಿಂದೆ ಒರಗಿದೆ. ಮುಂದಿನ ಶುಕ್ರವಾರ ವೃತ್ತಕ್ಕೆ ಹೋಗುವುದಿಲ್ಲ, ಅವಳ ಮನೆ ಮುಂದೆಯೇ ನಿಲ್ಲುತ್ತೇನೆ. ಅವಳ ತುದಿಯನ್ನು ಆ ಸೋಫಾ ಪಕ್ಕದ ಕಿಟಕಿ ಸರಳಿಗೇ ಕಟ್ಟುತ್ತೇನೆ, ಬಿಗಿಯಾಗಿ. ಬಿಚ್ಚಿ ಎಸೆಯಬೇಕೆಂದರೂ ಅವಳು ಕೋಲಿಗೆ ಕೈ ಹಾಕಲೇಬೇಕು.